ನಾಲ್ಕು ರಾಶಿಯ ಮಹಜರು

ನಮ್ಮ ಬಾಳೆಗುಂಡಿ ಕೈಮರದಲ್ಲಿ ಖಲೀಲ್ ಸಾಹೇಬರಷ್ಟು ಬೈಸಿಕೊಂಡವರು ಇನ್ನೊಬ್ಬರಿಲ್ಲ. ಬೈದವರ ಪಟ್ಟಿ ಮಾಡಿದರೆ ಮೊದಲ ಐದು ಹೆಸರಿನೊಳಗೆ ನನ್ನದೂ ಬರುತ್ತದೆ. ಕೈಮರ ಅಂದರೆ ಬಣಕಲ್ ಕಡೆಯ ಹೆದ್ದಾರಿಯಲ್ಲಿ ಒಂದು ಬಸ್‌ಸ್ಟಾಪು, ಕೇರಳದಿಂದ ಬಂದ ಅಣ್ಣಮ್ಮನ ಚಾ ಹೋಟೆಲು, ಒಂದು ಪಂಕ್ಚರ್ ಅಂಗಡಿ ಮತ್ತು ಖಲೀಲರ ಕಾಫಿ ಖರೀದಿ ಮಳಿಗೆ. ದೇವರಮನೆ ಗುಡ್ಡ ನೋಡಲು ಹೊರಟವರು ದಾರಿ ತಪ್ಪಿ ಇಲ್ಲಿ ನಿಲ್ಲುತ್ತಾರೆ. ಸಣ್ಣ ಬೆಳೆಗಾರರು ಮಾತ್ರ ದಾರಿ ತಪ್ಪದೆಯೇ ಬಂದು ಸಿಕ್ಕಿಬೀಳುತ್ತಾರೆ.

ಸಿಕ್ಕಿಬೀಳುವುದು ಎಂದೆ, ಖಲೀಲರು ತೂಕ ಮಾಡುವ ಕ್ರಮವೇ ಹಾಗಿದೆ. ಚೀಲ ತಂದು ಇಟ್ಟ ಕೂಡಲೇ ಬೇರೆ ವ್ಯಾಪಾರಿಗಳು ತಕ್ಕಡಿ ನೋಡುತ್ತಾರೆ, ಇವರು ಚೀಲ ನೋಡುತ್ತಾರೆ. ಅದನ್ನು ಪೂರ್ತಿ ಸುರಿಸುತ್ತಾರೆ. ಖಾಲಿ ಚೀಲವನ್ನು ಬೇರೆ ತೂಗುತ್ತಾರೆ. ಕಡ್ಡಿ ಆರಿಸುತ್ತಾರೆ, ಕಲ್ಲು ಆರಿಸುತ್ತಾರೆ, ಒಂದು ಕಾಳನ್ನು ಹಲ್ಲಿನಡಿ ಇಟ್ಟು ಕಟುಮ್ ಅನ್ನಿಸಿ ಕಣ್ಣು ಮುಚ್ಚುತ್ತಾರೆ. ಕಣ್ಣು ಬಿಟ್ಟಾಗ ನಮ್ಮ ಕಾಫಿಯಲ್ಲಿ ಎಷ್ಟು ನೀರಿದೆ ಎಂದು ಹೇಳಿಬಿಡುತ್ತಾರೆ. ಮೂರೆಕರೆ ತೋಟದ ನಾನು ಮದುವೆ ಮನೆಗಳಲ್ಲಿ ಪ್ಲಾಂಟರ್. ಖಲೀಲರ ಜಗಲಿಯಲ್ಲಿ ನಾನು ಬರೀ ಹದಿನಾಲ್ಕು ಚೀಲ, ಅದರಲ್ಲೂ ಎರಡು ಸರಿಯಾಗಿ ಒಣಗಿಲ್ಲದ್ದು.

"ಸಾಹೇಬ್ರೆ, ಒಂದು ಕಡ್ಡಿಗೆ ಎಂತ ತೂಕ ಇರ್ತದೆ ಮಾರಾಯ್ರೆ?" ಎಂದು ನಾನೊಮ್ಮೆ ಸಿಟ್ಟಿನಿಂದ ಕೇಳಿದ್ದೆ.

"ಕಡ್ಡಿಗೆ ಎಷ್ಟು ತೂಕವೋ ಅಷ್ಟೇ ಇರ್ತದೆ ಸ್ವಾಮಿ. ಅದು ಕಾಫಿ ತೂಕ ಅಲ್ಲ, ಅಷ್ಟೇ ನನ್ನ ತಕರಾರು."

ನಾನು ಸೀದಾ ಅಣ್ಣಮ್ಮನ ಹೋಟೆಲಿಗೆ ಹೋಗಿ ಎರಡು ಗೋಳಿಬಜೆ ತಿಂದೆ.

ಇಂಥ ಖಲೀಲರಿಗೆ ಪೊಲೀಸರ ಸಹವಾಸ ಬಂದದ್ದು ಅವರ ತಕ್ಕಡಿಯಿಂದ. ಇಲಾಖೆಯವರು ವರ್ಷವರ್ಷ ಬಂದು ಪರೀಕ್ಷಿಸಿ ಮುದ್ರೆ ಹೊಡೆದ, ಹತ್ತು ಗ್ರಾಮಿನವರೆಗೆ ಸರಿಯಾಗಿ ತೋರಿಸುವ ಎಲೆಕ್ಟ್ರಾನಿಕ್ ಯಂತ್ರ ಈ ಕಡೆ ಇರುವುದು ಅವರಲ್ಲೊಂದೇ. ಎಲ್ಲಿ ಗಾಂಜಾ ಸಿಕ್ಕರೂ ಜೀಪು ಇಲ್ಲಿಗೆ ಬರುತ್ತದೆ. ತೂಕ ಆಗಬೇಕು, ಮಹಜರು ಬರೆಯಬೇಕು, ಅದಕ್ಕೆ ಸಾಕ್ಷಿಗಳಾಗಿ ಇಬ್ಬರು ಪಂಚರು ಸಹಿ ಹಾಕಬೇಕು. ಒಬ್ಬರು ಖಲೀಲರು, ಎದುರಿನ ಅಣ್ಣಮ್ಮ ಇನ್ನೊಬ್ಬರು. ಜೀಪು ಕಂಡರೆ ಉಳಿದ ನಾವೆಲ್ಲ ಕನ್ನಡಕ ಮನೆಯಲ್ಲಿ ಮರೆತಿರುತ್ತೇವೆ. ಕನ್ನಡಕವೇ ಇಲ್ಲದವರೂ ಮರೆತಿರುತ್ತಾರೆ.

ಆರಂಭದಲ್ಲಿ ಖಲೀಲರೂ ನಮ್ಮಂತೆಯೇ ಇದ್ದರು. ಪೊಲೀಸರು ಹೇಳಿದಲ್ಲಿ ಸಹಿ ಹಾಕುವುದು, ಸಲಾಮು ಹೊಡೆಯುವುದು. ಏಳೆಂಟು ವರ್ಷದ ಹಿಂದೆ ಒಂದು ಬಿಳಿ ಕಾರು ಸಿಕ್ಕಿಬಿತ್ತು. ಹೋಂಸ್ಟೇಗಳಿಗೆ, ಕಾಲೇಜುಗಳಿಗೆ ಮಾಲು ಹಂಚುತ್ತಿದ್ದ ಆಸಾಮಿ, ಡಿಕ್ಕಿಯಲ್ಲಿ ಆರು ಕಿಲೋ. ಆವತ್ತು ಕರೆಂಟಿರಲಿಲ್ಲ. ಆಗಿನ ಸಾಹೇಬರು ತೂಕವನ್ನು ಅಂದಾಜಿನಲ್ಲೇ ಬರೆಸಿ, ಜೀಪಿನ ಬಾನೆಟ್ಟಿನ ಮೇಲೆ ಕಾಗದ ಹರಡಿ ಇವರಿಂದ ಸಹಿ ಹಾಕಿಸಿಕೊಂಡರು. ಎರಡು ವರ್ಷ ಬಿಟ್ಟು ಕೋರ್ಟಿಗೆ ಕರೆ ಬಂತು. ಇಸ್ತ್ರಿ ಮಾಡಿದ ಅಂಗಿ ತೊಟ್ಟು ಖಲೀಲರು ಹೋದರು. ಆರೋಪಿಯ ವಕೀಲರು ಬಹಳ ಮರ್ಯಾದೆಯಿಂದ ಕೇಳಿದರು:

"ಖಲೀಲ್ ಸಾಹೇಬ್ರೆ, ಯಂತ್ರ ಕರೆಂಟಿನದ್ದು ಅಂತೀರಿ. ಆ ದಿನ ಬೆಳಿಗ್ಗೆಯಿಂದ ಸಂಜೆವರೆಗೆ ಕರೆಂಟಿರಲಿಲ್ಲ ಅಂತ ಇಲ್ಲಿ ದಾಖಲೆ ಇದೆ. ಯಾವುದರಲ್ಲಿ ತೂಗಿದ್ರಿ? ಅಂಗೈಯಲ್ಲಾ?"

ಕೋರ್ಟು ನಕ್ಕಿತು. ಆರೋಪಿ ಬಿಡುಗಡೆಯಾದ. ಅಷ್ಟೇ ಆಗಿದ್ದರೆ ಖಲೀಲರು ತಡೆದುಕೊಳ್ಳುತ್ತಿದ್ದರು. ಮುಂದಿನ ವಾರ ಅದೇ ಬಿಳಿ ಕಾರು ಮಳಿಗೆಯ ಮುಂದೆ ನಿಂತಿತು. ಗಾಜು ಇಳಿಸಿ ಆಸಾಮಿ, "ಥ್ಯಾಂಕ್ಸ್ ಸಾಹೇಬ್ರೆ, ನಿಮ್ಮ ಉಪಕಾರ ಮರೆಯಲ್ಲ" ಎಂದ. ಆ ರಾತ್ರಿ ಖಲೀಲರು ಊಟ ಮಾಡಲಿಲ್ಲವಂತೆ. ಅವರ ಹೆಂಡತಿ ರೌಶನ್ ಬೀ ಹೇಳಿದ್ದು: "ನಮ್ಮ ಮನೆಯವ್ರು ಇಡೀ ಊರಿನ ಕಾಫಿಯಲ್ಲಿ ಕಡ್ಡಿ ಹುಡುಕಿದ್ರು, ತಾವು ಸಹಿ ಹಾಕಿದ ಕಾಗದದಲ್ಲಿ ಹುಡುಕಲಿಲ್ಲ."

ಅಂದಿನಿಂದ ಒಂದು ಕಟ್ಟುನಿಟ್ಟು: ತಾನು ತೂಗದ್ದಕ್ಕೆ ಸಹಿ ಇಲ್ಲ. ತೂಗುವುದಾದರೆ ತನ್ನ ಕ್ರಮದಲ್ಲೇ.

ಈ ಕ್ರಮಕ್ಕೆ ನಿಜವಾದ ಪರೀಕ್ಷೆ ಬಂದದ್ದು ಈ ಜನವರಿಯಲ್ಲಿ, ಕೊಯ್ಲು ಜೋರಾಗಿ ನಡೆಯುತ್ತಿದ್ದ ಒಂದು ಗುರುವಾರ, ಹಗಲು ಹನ್ನೊಂದಕ್ಕೆ. ನಾನು ಅಲ್ಲೇ ಇದ್ದೆ, ನನ್ನ ಚೀಲಗಳ ಸರದಿ ಕಾಯುತ್ತ. ಜೀಪು ಬಂದು ನಿಂತಿತು. ಇಳಿದವರು ಸಬ್ ಇನ್‌ಸ್ಪೆಕ್ಟರ್ ಓಂಕಾರಮೂರ್ತಿ. ಠಾಣೆಗೆ ಬಂದು ಮೂರು ತಿಂಗಳಾಗಿತ್ತು; ಒಳ್ಳೆಯ ಮನುಷ್ಯ, ಮುಖದಲ್ಲಿ ಮಾತ್ರ ಯಾವಾಗಲೂ ಮೇಲಿನಿಂದ ಫೋನು ಬರಲಿದೆ ಎಂಬ ಭಾವ. ಆ ತಿಂಗಳು ಮಾದಕ ವಸ್ತು ವಿರೋಧಿ ಅಭಿಯಾನ. ಅವರ ಹಿಂದೆ ಕಾನ್ಸ್‌ಟೇಬಲ್ ಕೈಯಲ್ಲಿ ಅರ್ಧ ಕತ್ತರಿಸಿದ ಗೋಣಿಚೀಲ. ಅದರ ಹಿಂದೆ ನಮ್ಮ ನಾಗೇಶ.

ನಾಗೇಶನನ್ನು ಕಂಡು ಇಡೀ ಕೈಮರ ಎದ್ದು ನಿಂತಿತು. ತೋಟದ ನೆರಳಿನ ಮರಗಳ ಕೊಂಬೆ ಕಡಿಯುವ ಮರಗಸಿ ಕೆಲಸಕ್ಕೆ ಅವನನ್ನು ಮೀರಿಸಿದವರಿಲ್ಲ. ಎಂಬತ್ತಡಿ ಸಿಲ್ವರ್ ಮರದ ತುದಿಯಲ್ಲಿ ನಿಂತು ಕೆಳಗಿನವರಿಗೆ ಜೋಕು ಹೇಳುವವನು. ಎರಡು ವರ್ಷದ ಹಿಂದೆ ಒಮ್ಮೆ ಬಿದ್ದು ಸೊಂಟ ಮುರಿದುಕೊಂಡ ಮೇಲೆ ಸಂಜೆ ಒಂದು ದಮ್ಮು ಎಳೆಯುತ್ತಾನೆ ಎಂಬುದು ಎಲ್ಲರಿಗೂ ಗೊತ್ತಿದ್ದ ಗುಟ್ಟು. ಯಾರೋ ಠಾಣೆಗೆ ಫೋನು ಮಾಡಿದ್ದರು. ಕೊಟ್ಟಿಗೆಯ ಕಲ್ಲುಗೋಡೆಯ ಸಂದಿನಿಂದ ಪೊಲೀಸರು ಚೀಲ ಎಳೆದಿದ್ದರು. ಅವನ ಹೆಂಡತಿ ತಿಮ್ಮಮ್ಮ ಜೀಪಿನ ಹಿಂದೆಯೇ ಆಟೋದಲ್ಲಿ ಬಂದಿಳಿದಳು.

"ಸಾಹೇಬ್ರೆ, ಬೇಗ ಒಂದು ತೂಕ, ಒಂದು ಸಹಿ," ಎಂದರು ಓಂಕಾರಮೂರ್ತಿ. "ಮಹಜರು ಬರೆದೇ ಆಗಿದೆ. ಒಂದು ಕೆಜಿ ಏಳ್ನೂರ ನಲವತ್ತು ಗ್ರಾಂ ಗಾಂಜಾ. ಅಲ್ಲೇ ಕೈತಕ್ಕಡಿಯಲ್ಲಿ ನೋಡಿದ್ವಿ. ಫೋಟೋನೂ ಕಳ್ಸಿ ಆಯ್ತು."

ಫೋಟೋ ಆಗಲೇ ನನ್ನ ಮೊಬೈಲಿಗೂ ಬಂದಿತ್ತು. ನಾಗೇಶ ಚೀಲದ ಹಿಂದೆ ಮದುಮಗನಂತೆ ನಿಂತಿದ್ದ.

ಖಲೀಲರು ಚೀಲವನ್ನು ಹಾಗೇ ಯಂತ್ರದ ಮೇಲಿಟ್ಟರು. ಅಂಕೆ ಓಡಿ ನಿಂತಿತು: 1.740.

"ಸರಿ ಉಂಟಲ್ಲ? ಹಾಕಿ ಸಹಿ."

"ಸಾರ್, ಇದು ಚೀಲ ಸೇರಿ."

"ಹ್ಞಾಂ?"

"ಚೀಲ ನೆನೆದು ಮುದ್ದೆ ಆಗಿದೆ ನೋಡಿ. ಗೋಣಿ ಸೇರಿಸಿ ನಾನು ಕಾಫಿಯೇ ತಗೊಳ್ಳದಿಲ್ಲ. ಇವ್ರನ್ನ ಕೇಳಿ," ಎಂದು ಖಲೀಲರು ನನ್ನ ಕಡೆ ಕೈ ತೋರಿಸಿದರು.

ಜೀವನದಲ್ಲಿ ಮೊದಲ ಬಾರಿಗೆ ನಾನು ಪೊಲೀಸರ ಮುಂದೆ ಸಾಕ್ಷಿ ಹೇಳಿದೆ. "ತಗೊಳ್ಳದಿಲ್ಲ ಸಾರ್," ಎಂದೆ. ಧ್ವನಿಯಲ್ಲಿ ಇಪ್ಪತ್ತು ವರ್ಷದ ನೋವಿತ್ತು.

"ಚೀಲದ ತೂಕ ಕಳೆದ್ರೆ ಎಂತ, ಬಿಟ್ರೆ ಎಂತ ಸಾರ್?" ಎಂದು ಅಣ್ಣಮ್ಮ ಸೊಂಟದ ಮೇಲೆ ಕೈಯಿಟ್ಟು ಕೇಳಿದಳು. ಅವಳೂ ಪಂಚರಲ್ಲಿ ಒಬ್ಬಳಾದ್ದರಿಂದ ಕೇಳುವ ಹಕ್ಕಿತ್ತು.

ಓಂಕಾರಮೂರ್ತಿ ಉಸಿರು ಬಿಟ್ಟರು. "ಮಾಲು ಒಂದು ಕೆಜಿ ಒಳಗಾದ್ರೆ ಸಣ್ಣ ಪ್ರಮಾಣ ಅಂತಾರೆ ಅಮ್ಮ. ಜಾಮೀನು ತಗೊಂಡು ನಾನೇ ಸಂಜೆ ಮನೆಗೆ ಕಳಿಸ್ಬಹುದು. ಮೇಲಾದ್ರೆ ನನ್ನ ಕೈಲಿಲ್ಲ. ಜೈಲು. ಜಾಮೀನಿಗೆ ತಿಂಗಳುಗಟ್ಟಲೆ ಅಲೆದಾಟ. ಶಿಕ್ಷೆ ಆದ್ರೆ ಹತ್ತು ವರ್ಷದವರೆಗೂ ಹೋಗ್ತದೆ."

ತಿಮ್ಮಮ್ಮ ಕಾಫಿ ರಾಶಿಯ ಮೇಲೆಯೇ ಕುಸಿದು ಕೂತಳು. ಅದು ನನ್ನ ಕಾಫಿ.

"ಹೋಂಸ್ಟೇ ಹುಡುಗ್ರ ಹತ್ರ ಸಿಕ್ಕಿದ ಪೊಟ್ಟಣ ಮಾತ್ರ ಈ ಯಂತ್ರದ ಮೇಲೆ ಒಂದ್ ದಿನನೂ ಕೂತಿದ್ದು ನಾ ಕಂಡಿಲ್ಲ," ಎಂದಳು ಅಣ್ಣಮ್ಮ. "ಅವ್ರದ್ದು ಗಾಳಿಯಲ್ಲೇ ತೂಕ ಆಗ್ತದಾ ಎಂತದು?"

"ಅಮ್ಮ, ಅವ್ರದ್ದೂ ಬರೀತೀನಿ ಅಮ್ಮ. ಅವ್ರ ಪರ ಎಂಟು ಫೋನು ಬರ್ತದೆ, ಇವನ ಪರ ಒಂದೂ ಬರಲ್ಲ. ನಾನೂ ನೌಕರಿ ಮಾಡ್ಬೇಕಲ್ಲ," ಎಂದು ಅವರು ಹೇಳಿದ್ದು ಅಷ್ಟು ಪ್ರಾಮಾಣಿಕವಾಗಿತ್ತೆಂದರೆ ಅಣ್ಣಮ್ಮ ಅವರಿಗೊಂದು ಚಾ ತಂದುಕೊಟ್ಟಳು.

ಅಷ್ಟರಲ್ಲಿ ಖಲೀಲರು ಜಗಲಿಯ ಮೇಲೆ ಶುಭ್ರ ಟಾರ್ಪಾಲು ಹಾಸಿ ಆಗಿತ್ತು.

"ಸಾರ್, ನಾನು ಒಂದು ಎಸಳೂ ಬಿಸಾಡದಿಲ್ಲ. ನಿಮ್ಮ ಕಾನ್ಸ್‌ಟೇಬಲ್ ಮೊಬೈಲಲ್ಲಿ ಪೂರ್ತಿ ವಿಡಿಯೋ ತೆಗೀಲಿ. ಬೇರೆ ಬೇರೆ ರಾಶಿ ಮಾಡ್ತೀನಿ, ಬೇರೆ ಬೇರೆ ತೂಗ್ತೀನಿ. ಎಲ್ಲಾ ಕೂಡಿಸಿದ್ರೆ ಒಂದು ಏಳ್ನೂರ ನಲವತ್ತು ಬರ್ಲೇಬೇಕು. ಬರದಿದ್ರೆ ನನ್ನನ್ನೇ ಜೀಪಿಗೆ ಹತ್ತಿಸಿ."

"ಇದೇನು ಕಾಫಿ ಅಂದ್ಕೊಂಡ್ರಾ ಸಾಹೇಬ್ರೆ?"

"ಕಾಫಿಗೇ ಇಷ್ಟು ಮಾಡ್ತೀನಿ. ಇದು ಒಬ್ಬ ಮನುಷ್ಯನ ಹತ್ತು ವರ್ಷ. ಇದಕ್ಕೆ ಕಮ್ಮಿ ಮಾಡದಾ?"

ಓಂಕಾರಮೂರ್ತಿ ಸುತ್ತ ನೋಡಿದರು, ಬೇರೆ ಪಂಚರು ಸಿಗಬಹುದೇ ಎಂದು. ನಾವು ಅಷ್ಟೂ ಜನ ಕನ್ನಡಕ ಹುಡುಕತೊಡಗಿದೆವು. ಅವರು ಚಾ ಲೋಟ ಎತ್ತಿ, "ಆಗ್ಲಿ, ಮಾಡಿ" ಎಂದರು.

ಮೊದಲ ತೂಕ ಖಾಲಿ ಚೀಲದ್ದು: ನಾನ್ನೂರ ಮೂವತ್ತು ಗ್ರಾಂ. ಒಂದು ಅರ್ಧ ಗೋಣಿ ಅಷ್ಟು ನೀರು ಕುಡಿದಿತ್ತು! ಉಳಿದದ್ದು ಒಂದು ಕೆಜಿ ಮುನ್ನೂರ ಹತ್ತು. ಜಗಲಿಯಲ್ಲಿ ಸಂತೋಷದ ಗುಜುಗುಜು.

ಆಮೇಲೆ ಒಳಗಿನಿಂದ ರೌಶನ್ ಬೀ ಮೊರ ಹಿಡಿದು ಬಂದರು. ಈ ಭಾಗದಲ್ಲಿ ಕಾಫಿ ಆರಿಸುವುದರಲ್ಲಿ ಅವರ ಬೆರಳಿಗೆ ಸಮನಾದ ಬೆರಳಿಲ್ಲ. ಮೊರದಲ್ಲಿ ಸೊಪ್ಪು ಸುರಿದು ಒಮ್ಮೆ ಕೇರಿದರು. ಕೊಟ್ಟಿಗೆ ಗೋಡೆಯ ಮಣ್ಣು, ಜಲ್ಲಿ, ಬೇರು, ಬೆರಳು ದಪ್ಪದ ದಂಟು ಒಂದು ಕಡೆ ಬಂದು ಬಿತ್ತು. ಧೂಳಿಗೆ ಸಬ್ ಇನ್‌ಸ್ಪೆಕ್ಟರು ಸೀನಿದರು. ಆ ಹೊತ್ತಿಗೆ ಹೊರನಾಡಿನ ಕಡೆ ಹೋಗುವ ಬಸ್ಸು ಬಂದು ನಿಂತಿತು. ಕೈಮರದಲ್ಲಿ ಅದು ಎರಡು ನಿಮಿಷ ನಿಲ್ಲಬೇಕಾದದ್ದು. ಕಂಡಕ್ಟರೇ ಇಳಿದು ಬಂದು ಮುಂದಿನ ಸಾಲಿನಲ್ಲಿ ಕೂತ.

"ಎಂತ ಗಮ್ಮತ್ತು ಇಲ್ಲಿ?"

"ತೂಕ ನಡೀತಾ ಉಂಟು. ಒಂದು ಕೆಜಿ ಒಳಗೆ ಬಂದ್ರೆ ನಾಗೇಶ ಮನೆಗೆ."

"ಈಗ ಎಷ್ಟಾಯ್ತು?"

ನಾನು ವಿವರ ಹೇಳಿದೆ. ಕ್ರಿಕೆಟ್ಟಿನ ಕಡೆಯ ಓವರು ವಿವರಿಸುವವನ ಉತ್ಸಾಹ ನನ್ನಲ್ಲಿತ್ತೆಂದು ಆಮೇಲೆ ನಾಚಿಕೆಯಾಯಿತು; ಆಗ ಆಗಲಿಲ್ಲ.

ದಂಟು ಮಣ್ಣು ಕಲ್ಲಿನ ರಾಶಿ: ಇನ್ನೂರ ತೊಂಬತ್ತು. ಖಲೀಲರು ಉಳಿದದ್ದನ್ನು ತಟ್ಟೆಯಲ್ಲಿಟ್ಟರು, ತಟ್ಟೆಯ ತೂಕ ಕಳೆದರು, ಕೈ ತೆಗೆದರು. ಕೆಂಪು ಅಂಕೆಗಳು ಕುಣಿದು ನಿಂತವು.

1.020.

ಇಪ್ಪತ್ತು ಗ್ರಾಂ! ನಾಲ್ಕೈದು ಚಮಚ ಸಕ್ಕರೆ ಹೆಚ್ಚೆಂದರೆ ಅಷ್ಟು ತೂಗೀತು.

ತಿಮ್ಮಮ್ಮ ಎದ್ದು ಬಂದು ಖಲೀಲರ ಕೈ ಹಿಡಿದಳು. "ಸಾಹೇಬ್ರೆ, ಒಂದು ಚಿಟಿಕೆ. ಮೊರದಿಂದ ಗಾಳಿಗೆ ಹಾರಿ ಹೋಯ್ತು ಅಂತ ಇಟ್ಕೊಳ್ಳಿ. ನಿಮ್ಮ ಮಕ್ಕಳು ತಣ್ಣಗಿರ್ಲಿ."

ಎಲ್ಲರೂ ಅವರ ಮುಖ ನೋಡಿದೆವು. ಕಾನ್ಸ್‌ಟೇಬಲ್ ಮೊಬೈಲನ್ನು ಸ್ವಲ್ಪ ಆಚೆ ತಿರುಗಿಸಿದ್ದನ್ನು ನಾನು ಕಂಡೆ. ಓಂಕಾರಮೂರ್ತಿಯವರಿಗೂ ಚಾ ಲೋಟದ ತಳದಲ್ಲಿ ನೋಡಲು ಏನೋ ಸಿಕ್ಕಿತು.

"ಆಗಲ್ಲ ತಿಮ್ಮಮ್ಮ," ಎಂದರು ಖಲೀಲರು. "ಇಪ್ಪತ್ತು ಗ್ರಾಂ ನಿನಗೆ ಬಿಟ್ರೆ, ನಾಳೆ ಇನ್ನೊಬ್ಬರು ಬಂದು ಇಪ್ಪತ್ತು ಗ್ರಾಂ ಸೇರಿಸಿ ಅಂತಾರೆ. ಆಗ ನಾನು ಎಂತ ಹೇಳದು?"

"ಕಲ್ಲು ಮನಸ್ಸು ನಿಮ್ಮದು! ಊರೋರು ಬೈಯದು ಸುಮ್ನೆ ಅಲ್ಲ!"

"ಹೌದಮ್ಮ," ಎಂದರು ಖಲೀಲರು. ಹಣೆಯಲ್ಲಿ ಬೆವರಿತ್ತು, ಜನವರಿಯ ಬೆಳಗಿನಲ್ಲಿ ಬೆವರುವುದು ಸುಲಭವಲ್ಲ. ನನಗೂ ಆ ಹೊತ್ತಿನಲ್ಲಿ ಅವರ ಮೇಲೆ ಸಿಟ್ಟು ಉಕ್ಕಿತು. ನನ್ನ ಕಾಫಿಯಲ್ಲಿ ಕಿಲೋಗಟ್ಟಲೆ ಕಳೆಯುವ ಮನುಷ್ಯನಿಗೆ ಇಲ್ಲಿ ಇಪ್ಪತ್ತು ಗ್ರಾಂ ಕಳೆಯಲು ಕೈ ಬರುವುದಿಲ್ಲವೇ!

ಆಗ ರೌಶನ್ ಬೀ ತಟ್ಟೆಯ ಮೇಲೆ ಬಗ್ಗಿದರು. "ಇದು ಒಂದೇ ಮಾಲಲ್ಲ ರೀ. ನೋಡಿ, ಇದು ಬರೀ ಅಗಲ ಎಲೆ, ಹಳತು, ಬಾಳೆನಾರಲ್ಲಿ ಕಟ್ಟಿದ ಗುರುತಿದೆ. ಇದು ಹೂವು, ಹೊಸತು, ಅಂಟು ಅಂಟು. ಸಿಪ್ಪೆ ಸಮೇತ ಒಣಗಿಸಿದ ಚೆರ್ರಿಗೆ ಸಿಪ್ಪೆ ಸುಲಿದ ಪಾರ್ಚ್‌ಮೆಂಟು ಬೆರೆಸಿದ ಹಾಗಿದೆ."

"ಎಲೆ ಎಮ್ಮೆಗೆ!" ಎಂದು ನಾಗೇಶ ಮೊದಲ ಬಾರಿ ಬಾಯಿಬಿಟ್ಟ. "ಭಂಗಿ ಸೊಪ್ಪು ಅಕ್ಕ. ಎಮ್ಮೆಗೆ ಭೇದಿ ಆದ್ರೆ ಅಜ್ಜನ ಕಾಲದಿಂದ ಅದೇ ಅರೆದು ಹಾಕದು. ಹೂವು ನಂದು. ಅದು ನಂದೇ, ಸುಳ್ಳು ಯಾಕೆ ಹೇಳದು."

"ಬಾಯ್ಮುಚ್ಚಿ ನೀವು!" ತಿಮ್ಮಮ್ಮ ಗದರಿದಳು.

ರೌಶನ್ ಬೀಯ ಬೆರಳುಗಳು ಓಡಿದವು. ಹತ್ತು ನಿಮಿಷದಲ್ಲಿ ಎರಡು ರಾಶಿ. ಎಲೆ ನಾನ್ನೂರ ಹತ್ತು, ಹೂವು ಆರ್ನೂರ ಹತ್ತು. ಪಂಕ್ಚರ್ ಅಂಗಡಿಯವನು ಮೊಬೈಲಿನಲ್ಲಿ ನಾಲ್ಕೂ ಕೂಡಿಸಿ, "ಒಂದು ಏಳ್ನೂರ ನಲವತ್ತು! ಕರೆಕ್ಟ್!" ಎಂದು ಕೂಗಿದ. ಬಸ್ಸಿನ ಕಿಟಕಿಗಳಿಂದ ಶಿಳ್ಳೆ ಕೇಳಿಸಿತು.

"ಸಾರ್, ನನಗೆ ಕಾನೂನು ಗೊತ್ತಿಲ್ಲ. ತೂಕ ಗೊತ್ತು," ಎಂದರು ಖಲೀಲರು. "ನಾಲ್ಕು ಸಾಲು ಬರೀರಿ. ಚೀಲ ಇಷ್ಟು, ದಂಟು ಮಣ್ಣು ಇಷ್ಟು, ಎಲೆ ಇಷ್ಟು, ಹೂವು ಇಷ್ಟು. ಯಾವ ಸಾಲಿಗೆ ಶಿಕ್ಷೆ ಅಂತ ಜಡ್ಜು ಹೇಳ್ಲಿ. ನಾನು ನಾಲ್ಕಕ್ಕೂ ಸಹಿ ಹಾಕ್ತೀನಿ, ಕೋರ್ಟಿಗೂ ಬರ್ತೀನಿ."

ಓಂಕಾರಮೂರ್ತಿ ಟೋಪಿ ತೆಗೆದು ತಲೆ ಕೆರೆದುಕೊಂಡರು. ಕೊನೆಗೆ ಸರ್ಕಾರಿ ವಕೀಲೆ ರಕ್ಷಾ ಮೇಡಂಗೆ ಫೋನು ಹಚ್ಚಿದರು. ಬಸ್ಸಿನ ಎಂಜಿನ್ ಸದ್ದಿಗೆ ಕೇಳಿಸದೆ ಸ್ಪೀಕರ್ ಹಾಕಬೇಕಾಯಿತು. ಡ್ರೈವರು ಎಂಜಿನ್ನನ್ನೇ ಆರಿಸಿದ, ಅವನಿಗೂ ಕೇಳಬೇಕಿತ್ತು.

ಎಲ್ಲ ಕೇಳಿದ ಮೇಲೆ ರಕ್ಷಾ ಮೇಡಂ ಒಂದೇ ಪ್ರಶ್ನೆ ಕೇಳಿದರು. "ಮೂರ್ತಿಯವ್ರೆ, ನೀವು ಚೀಲ ಬಿಚ್ಚಿದಾಗ ಎಲೆ, ಹೂವು ಒಟ್ಟಿಗೆ ಬೆರೆತಿತ್ತಾ, ಬೇರೆ ಬೇರೆ ಕಟ್ಟಿತ್ತಾ? ಹೂವಿಲ್ಲದೆ ಬರೀ ಎಲೆ ಬೇರೆಯೇ ಇದ್ರೆ ಅದನ್ನ ಗಾಂಜಾ ಲೆಕ್ಕಕ್ಕೆ ಸೇರಿಸೋ ಹಾಗಿಲ್ಲ. ಬೆರೆತಿದ್ರೆ ಮಾತು ಬೇರೆ."

ಈಗ ಎಲ್ಲವೂ ಒಬ್ಬ ಮನುಷ್ಯನ ಬಾಯಿಯಲ್ಲಿತ್ತು. "ಬೆರೆತಿತ್ತು" ಎಂದು ಒಂದು ಮಾತು ಅಂದಿದ್ದರೆ ಮುಗಿಯುತ್ತಿತ್ತು. ಫೋಟೋ ಹೋಗಿತ್ತು, ಸುದ್ದಿ ಹೋಗಿತ್ತು, ತಿಂಗಳ ಲೆಕ್ಕಕ್ಕೆ ದೊಡ್ಡ ಕೇಸೊಂದು ಬೇಕಿತ್ತು. ಇಲ್ಲ ಎನ್ನಲು ಅಲ್ಲಿ ಯಾರಿದ್ದರು? ತಿಮ್ಮಮ್ಮನ ಮಾತನ್ನು ಯಾವ ಕಾಗದದಲ್ಲೂ ಬರೆಯುವುದಿಲ್ಲ. ಓಂಕಾರಮೂರ್ತಿ ಟಾರ್ಪಾಲಿನ ಮೇಲಿನ ನಾಲ್ಕು ರಾಶಿ ನೋಡಿದರು. ರಾಶಿಗಳು ಅಷ್ಟು ಚೊಕ್ಕಟವಾಗಿದ್ದವು, ಅವುಗಳ ಮುಂದೆ ಸುಳ್ಳು ಹೇಳುವುದು ಕಷ್ಟವಿತ್ತೇನೋ.

"ಬೇರೆ ಬೇರೆ ಇತ್ತು ಮೇಡಂ," ಎಂದರು. "ಎಲೆ ಬಾಳೆನಾರಲ್ಲಿ ಕಟ್ಟಿತ್ತು. ಫೋಟೋಕ್ಕೆ ಜಾಸ್ತಿ ಕಾಣ್ಲಿ ಅಂತ ನಾನೇ ಬಿಚ್ಚಿ ಒಟ್ಟಿಗೆ ಸುರಿದೆ."

"ಹಾಗಿದ್ರೆ ಹಾಗೇ ಬರೀರಿ. ನಿಮ್ಮ ಆರ್ನೂರ ಹತ್ತು ಗ್ರಾಮಿನ ಕೇಸು ಕೋರ್ಟಲ್ಲಿ ನಿಲ್ತದೆ. ಒಂದೂಮುಕ್ಕಾಲು ಕೆಜಿ ಕೇಸು ನಿಲ್ಲಲ್ಲ. ಹಿಂದೆ ಆರು ಕಿಲೋದ್ದೇ ನಿಂತಿಲ್ಲ ಆ ಕಡೆ."

ಖಲೀಲರು ತಲೆ ತಗ್ಗಿಸಿದರು. ಆಮೇಲೆ ಕೈಮರ ಸಿಡಿಯಿತು! ಕಂಡಕ್ಟರು ಸೀಟಿ ಊದಿದ, ಅಣ್ಣಮ್ಮ ಸಕ್ಕರೆ ಹೆಚ್ಚು ಹಾಕಿ ಎಲ್ಲರಿಗೂ ಚಾ ಎಂದಳು, ತಿಮ್ಮಮ್ಮ ರೌಶನ್ ಬೀಯ ಹೆಗಲಿಗೆ ಮುಖ ಒತ್ತಿ ಅತ್ತಳು. ನಾನು ಪಕ್ಕದಲ್ಲಿದ್ದವರನ್ನು ತಬ್ಬಿಕೊಂಡೆ. ನೋಡಿದರೆ ಅದು ಕಾನ್ಸ್‌ಟೇಬಲ್. ಅವನೂ ತಬ್ಬಿಕೊಂಡ.

ಹಳೆಯ ಮಹಜರು ಹರಿಯಲಿಲ್ಲ. ಹರಿಯುವುದು ಬೇಡವೆಂದು ಖಲೀಲರೇ ತಡೆದರು. ಅದರ ಮೇಲೆ ಅಡ್ಡ ಗೆರೆ ಎಳೆದು, ಗೆರೆಗೂ ಸಹಿ ಹಾಕಿಸಿ, ಹೊಸತು ನಾಲ್ಕು ಸಾಲಿನದ್ದು ಬರೆಸಿದರು. ಅಣ್ಣಮ್ಮ ಮಲಯಾಳದಲ್ಲಿ ಸಹಿ ಹಾಕಿದಳು. ನಾಲ್ಕು ಪ್ಯಾಕೆಟ್ಟುಗಳಿಗೆ ಅರಗಿನ ಮುದ್ರೆ ಬಿತ್ತು.

ಇನ್ನು ಜಾಮೀನು. "ಪಹಣಿ ಇರುವವರು ಯಾರಾದ್ರೂ ಬೇಕು," ಎಂದರು ಓಂಕಾರಮೂರ್ತಿ. ಇಡೀ ಜಗಲಿ ನನ್ನ ಕಡೆ ತಿರುಗಿತು. ಮದುವೆ ಮನೆಗಳಲ್ಲಿ ಪ್ಲಾಂಟರ್ ಎಂದು ಹೇಳಿಕೊಳ್ಳಬಾರದು ಎಂದು ನನಗೆ ಆಗ ಅನ್ನಿಸಿತು. ಕನ್ನಡಕ ಮನೆಯಲ್ಲಿದೆ ಎನ್ನಲು ಬಾಯಿ ತೆರೆದೆ. ಅದು ಮೂಗಿನ ಮೇಲೇ ಇತ್ತು. ಜೀಪು ಹತ್ತಿದೆ.

ಸಂಜೆ ಐದರ ಬಸ್ಸಿಗೆ ನಾಗೇಶ, ತಿಮ್ಮಮ್ಮ, ನಾನು ಮೂವರೂ ಕೈಮರದಲ್ಲಿ ಇಳಿದೆವು. ಕೇಸು ಇದೆ, ಕೋರ್ಟಿದೆ, ದಂಡವೂ ಇರಬಹುದು. ಆದರೆ ನಾಗೇಶ ಮನೆಗೆ ಹೋಗುತ್ತಿದ್ದ. ಮಳಿಗೆಯ ಮುಂದೆ ನಿಂತು ಅವನು ಖಲೀಲರಿಗೆ ಕೈ ಮುಗಿದ. "ಎಮ್ಮೆಗೆ ಇನ್ನೂ ಭೇದಿ ನಿಂತಿಲ್ಲ ಸಾಹೇಬ್ರೆ. ಆ ಎಲೆ ಪ್ಯಾಕೆಟ್ ವಾಪಸ್ ಕೊಡ್ತಾರಾ?" ಎಂದ.

"ಎಮ್ಮೆನ ಡಾಕ್ಟ್ರಿಗೆ ತೋರ್ಸದು," ಎಂದು ತಿಮ್ಮಮ್ಮ ಅವನ ತೋಳು ಹಿಡಿದು ಎಳೆದಳು. "ನಿಮ್ಮ ಸೊಂಟನೂ ತೋರ್ಸದು. ಇನ್ನೊಂದ್ಸಲ ಆ ಹೂವು ಮನೆ ಒಳಗೆ ಬಂದ್ರೆ ಸ್ಟೇಷನ್ನಿಗೆ ಫೋನ್ ಮಾಡದು ನಾನೇ. ತೂಕ ಕೇಳಿದ್ರೆ ಸರಿಯಾಗೇ ಹೇಳ್ತೀನಿ, ಒಂದು ಗ್ರಾಂ ಬಿಡದಿಲ್ಲ!"

ಖಲೀಲರು ನಕ್ಕದ್ದನ್ನು ನಾನು ಅಂದೇ ಮೊದಲು ನೋಡಿದ್ದು. ಗಂಡಹೆಂಡತಿ ಏರಿನ ದಾರಿ ಹಿಡಿದು, ತೋಟದ ಬೇಲಿಯ ತಿರುವಿನವರೆಗೂ ಜಗಳವಾಡುತ್ತಲೇ ಹೋದರು.